ಜ್ವರ ಬಾರದ ಬಟ್ಟೆ

ಬೆಳಿಗ್ಗೆ ಏಳಕ್ಕೆ ಇನ್ನೂ ಹತ್ತು ನಿಮಿಷವಿತ್ತು. ಬೀದಿಯ ತಿರುವು ದಾಟಿದಾಗ ನಮ್ಮ ಶಿಶುವಿಹಾರದ ಹಿಂಬದಿಯಿಂದ ಹೊಗೆ ಏಳುತ್ತಿರುವುದು ಕಂಡಿತು.

ಅಡುಗೆಯ ಹೊಗೆಯಲ್ಲ. ಕಪ್ಪಗೆ, ದಪ್ಪಗೆ, ಜಿಡ್ಡುಜಿಡ್ಡಾಗಿ ಏಳುತ್ತಿತ್ತು. ಗೇಟು ತಳ್ಳಿಕೊಂಡು ಓಡಿದೆ. ಮೆಟ್ಟಿಲ ಮೇಲಿದ್ದ ಹಾಲಿನ ಕ್ರೇಟು ಎಡವಿ ಮೊಣಕಾಲು ತರಚಿತು. ಹಿಂದಿನ ಗೋಡೆಗೆ ಹೊದಿಸಿದ್ದ ಮರದ ಹಲಗೆಗಳು ಬುಡದಿಂದ ಸೂರಿನವರೆಗೆ ಉರಿಯುತ್ತಿದ್ದವು. ಗೋಡೆಯ ಪಕ್ಕದಲ್ಲೇ ಮಕ್ಕಳ ಮರಳಿನ ಗುಂಡಿ. ಅದರಲ್ಲಿದ್ದ ಕೆಂಪು ಪ್ಲಾಸ್ಟಿಕ್ ಬಕೆಟ್ಟು ಕರಗಿ ಒಂದು ಕಡೆಗೆ ವಾಲಿತ್ತು.

ಮೊದಲ ಮಗು ಬರುವುದು ಏಳೂಕಾಲಿಗೆ. ಇಪ್ಪತ್ತೈದು ನಿಮಿಷದ ಅಂತರ. ಆ ಲೆಕ್ಕ ಇವತ್ತಿಗೂ ನನ್ನ ತಲೆಯಿಂದ ಇಳಿದಿಲ್ಲ.

ಅಗ್ನಿಶಾಮಕದವರು ಬಂದು ಬೆಂಕಿ ಆರಿಸಿದರು. ಬಂದ ಮಕ್ಕಳನ್ನು ಗೇಟಿನಿಂದಲೇ ಮನೆಗೆ ಕಳಿಸಿದೆವು. ಒಳಗಿನ ಇಟ್ಟಿಗೆ ಗೋಡೆ ಉಳಿಯಿತು. ಹೊರಗಿನ ಮರ ಇದ್ದಿಲಾಯಿತು. ಬೂದಿಯಲ್ಲಿ ಕೊಕ್ಕೆ ಆಡಿಸುತ್ತಿದ್ದವರೊಬ್ಬರು ಒಂದು ತಗಡಿನ ಡಬ್ಬ ಎಳೆದು ತೆಗೆದರು. ಒಳಗೆ ತುರುಕಿದ ಬಟ್ಟೆಯ ತುಂಡುಗಳಿದ್ದವು. ಮೇಲಿನವು ಕರಕಲು. ತಳದವು ನೆಂದು ಮುದ್ದೆಯಾಗಿದ್ದವು.

"ಎಣ್ಣೆ ಬಟ್ಟೆ," ಎಂದರು ಅವರು. "ಮರಕ್ಕೆ ಅಗಸೆ ಎಣ್ಣೆ ಬಳಿದು ಒರೆಸಿದ ಬಟ್ಟೆನ ಹೀಗೆ ಗುಡ್ಡೆ ಹಾಕಿದ್ರೆ ತಾನಾಗೇ ಬಿಸಿಯಾಗಿ ಹೊತ್ತಿಕೊಳ್ಳುತ್ತೆ. ಯಾರ್ರೀ ನಿಮ್ಮ ಪಾಲಿಶ್‌ನವರು?"

ಉತ್ತರವನ್ನು ನನ್ನ ಬೆನ್ನ ಹಿಂದಿನಿಂದ ಕಟ್ಟಡದ ಸೂಪರ್‌ವೈಸರ್ ಕೊಟ್ಟರು. ಯಾವ ಕೆಲಸ ಹೇಳಿದರೂ "ಆಯ್ತು" ಎನ್ನುವುದರಿಂದ ಅವರಿಗೆ ನಾವಿಟ್ಟ ಹೆಸರು ಆಯ್ತಪ್ಪ. ಕೆಲಸ ಆಗುತ್ತಿತ್ತೋ ಇಲ್ಲವೋ, ಅದು ಬೇರೆ ಮಾತು.

"ಇನ್ಯಾರು, ಈ ಟೀಚರಮ್ಮನ ದೊಡ್ಡಪ್ಪ," ಎಂದರು ಆಯ್ತಪ್ಪ. "ನಿನ್ನೆ ಸಂಜೆ ಇಟ್ಟು ಹೋಗಿದ್ದನ್ನ ನಾನೇ ಕಣ್ಣಾರೆ ನೋಡಿದೀನಿ."

* * *

ಇನ್ಸ್‌ಪೆಕ್ಟರು ಎಂಟೂವರೆಗೆ ಬಂದರು. ಕುಳ್ಳಗಿನ ಮನುಷ್ಯ, ಕೈಯಲ್ಲಿ ದೊಡ್ಡ ಕರವಸ್ತ್ರ. ಭಯಂಕರ ನೆಗಡಿ. ಎರಡು ಮಾತಿಗೊಂದು ಸೀನು.

ಅವರು ಮೊದಲು ಎಲ್ಲರ ಹೇಳಿಕೆ ಬರೆಸಿಕೊಂಡರು. ಆಯ್ತಪ್ಪನವರದು ಚೊಕ್ಕವಾಗಿತ್ತು. ನಿನ್ನೆ, ಬುಧವಾರ ಸಂಜೆ ಐದೂವರೆಗೆ ಮುದುಕಪ್ಪ ತನ್ನ ಕ್ಯಾನಿನ ಎಣ್ಣೆ ಒರೆಸಿದ ಬಟ್ಟೆಗಳನ್ನು ಈ ಡಬ್ಬಕ್ಕೆ ತುಂಬಿ, ಹಿಂದಿನ ಗೋಡೆಗೆ ಒರಗಿಸಿ ಹೋದದ್ದನ್ನು ತಾನೇ ನೋಡಿದ್ದಾಗಿ ಬರೆಸಿ, ಕೆಳಗೆ ದುಂಡಗೆ ಸಹಿ ಹಾಕಿದರು.

ನಾನು ತಡೆಯಲಾರದೆ ಹೇಳಿದೆ. ದೊಡ್ಡಪ್ಪ ಬುಧವಾರ ನಾಲ್ಕಕ್ಕೇ ನನ್ನ ಜೊತೆ ಮನೆಗೆ ನಡೆದು ಬಂದಿದ್ದರು. ದಾರಿಯಲ್ಲಿ ನನ್ನ ಚಪ್ಪಲಿಯ ಉಂಗುಷ್ಠ ಕಿತ್ತುಹೋಗಿ, ಅವರೇ ಮೊಳೆ ಹೊಡೆದುಕೊಟ್ಟಿದ್ದರು.

"ನೀವು ಅವರ ಮಗಳಿದ್ದ ಹಾಗೆ," ಎಂದರು ಇನ್ಸ್‌ಪೆಕ್ಟರು, ಬೇಸರಿಸದೆ. "ನಿಮ್ಮ ಮಾತು ನಿಜಾನೇ ಇರಬಹುದು. ಆದರೆ ಅದನ್ನ ತಕ್ಕಡಿಗೆ ಹಾಕೋಕೆ ಬರಲ್ಲ."

ಮಗಳಿದ್ದ ಹಾಗೆ ಅಲ್ಲ, ಮಗಳೇ. ಅಪ್ಪ ತೀರಿಕೊಂಡಾಗ ನನಗೆ ಆರು ವರ್ಷ. ದೊಡ್ಡಪ್ಪ ಬಾಗಿಲು, ಕಿಟಕಿ, ಬೆಂಚುಗಳಿಗೆ ಎಣ್ಣೆ ಉಜ್ಜಿ ನನ್ನನ್ನು ಕಾಲೇಜು ಓದಿಸಿದವರು. ನಲವತ್ತಾರು ವರ್ಷ ಮರದ ಕೆಲಸ. ಶಿಶುವಿಹಾರಕ್ಕೆ ಮರದ ಹೊದಿಕೆ ಹಾಕುವುದೆಂದಾಗ, ಮಕ್ಕಳಿರುವ ಜಾಗಕ್ಕೆ ವಿಷದ ಔಷಧ ಬೇಡ, ದೊಡ್ಡಪ್ಪನನ್ನು ಕರೆಸೋಣ ಎಂದು ಸಮಿತಿಯ ಮುಂದೆ ಹೇಳಿದವಳು ನಾನೇ. ಈಗ ಸಮಿತಿಯ ಕಾರ್ಯದರ್ಶಿಗಳು ನನ್ನ ಮುಖ ನೋಡುತ್ತಿರಲಿಲ್ಲ. ನಿರ್ಲಕ್ಷ್ಯದಿಂದ ಬೆಂಕಿ ಬಿತ್ತೆಂದು ಕೇಸಾದರೆ ಅರವತ್ತೆಂಟರ ಮುದುಕ ಕಂಬಿ ಎಣಿಸಬೇಕು. ಹೊರಗೆ ಬಂದರೂ, ಮಕ್ಕಳ ಮನೆಗೆ ಬೆಂಕಿ ಇಟ್ಟವನು ಎಂಬ ಹೆಸರು ಹೊತ್ತವನ ಕೈಗೆ ಯಾರು ತಾನೆ ಒಂದು ಹಲಗೆ ಕೊಟ್ಟಾರು?

ಇನ್ಸ್‌ಪೆಕ್ಟರು ಡಬ್ಬದ ಮುಂದೆ ಕೂತು ತಳದ ಬಟ್ಟೆಯೊಂದನ್ನು ಕಡ್ಡಿಯಲ್ಲಿ ಎತ್ತಿದರು.

"ನನ್ನ ಮೂಗು ಕಟ್ಟಿದೆ ಟೀಚರ್. ನೀವು ಮೂಸಿ ಹೇಳಿ."

ನನಗೆ ಭಯವಾಯಿತು. ಚಿಕ್ಕಂದಿನಿಂದ ಆ ವಾಸನೆಯಲ್ಲೇ ಬೆಳೆದವಳು ನಾನು. ಹುರಿದ ಬೀಜದ ಹಾಗೆ, ಸ್ವಲ್ಪ ಒಗರಾಗಿ, ದೊಡ್ಡಪ್ಪನ ಅಂಗಿಯಲ್ಲಿ ಯಾವಾಗಲೂ ಇರುವ ವಾಸನೆ. ಅದೇ ಬಂದರೆ ಏನು ಹೇಳಲಿ? ಉಸಿರು ಎಳೆದೆ.

ಅದಲ್ಲ. ಗ್ಯಾರೇಜಿನ ವಾಸನೆ.

ಹೇಳಿದೆ. ಅವರು ತಲೆಯಾಡಿಸಿದರು, ನಂಬಿದರೋ ಇಲ್ಲವೋ ತಿಳಿಯಲಿಲ್ಲ. ಆ ಬಟ್ಟೆಯನ್ನು ಬಿಸಿಲಿಗೆ ಹರವಲು ಪೇದೆಗೆ ಹೇಳಿದರು.

* * *

ಬೆಂಕಿಗಿಂತ ಹಿಂದಿನ ಒಂದು ವಿಷಯ ಹೇಳಬೇಕು.

ನನಗೆ ಎಲ್ಲವನ್ನೂ ಬರೆದಿಡುವ ಚಾಳಿ. ಯಾವ ಮಗು ಕೆಮ್ಮಿತು, ಯಾವುದು ಊಟ ಬಿಟ್ಟಿತು, ಯಾವುದಕ್ಕೆ ಎಲ್ಲಿ ತರಚಿತು. ಬೇಸಿಗೆಯ ಬಿಸಿಲು ಏರಿದ ಮೇಲೆ ಆ ಪುಸ್ತಕದಲ್ಲಿ ಒಂದೇ ದೂರು ಮತ್ತೆ ಮತ್ತೆ ಬರತೊಡಗಿತು. ಅಂಗೈಯಲ್ಲಿ, ಮೊಣಕೈಯಲ್ಲಿ, ಕತ್ತಿನ ಹಿಂದೆ ಕೆಂಪು ಗಂಧೆ. ತುರಿಕೆ. ಹನ್ನೊಂದು ಮಕ್ಕಳು. ಹನ್ನೊಂದೂ ಮಧ್ಯಾಹ್ನದ ಹೊತ್ತು ಹಿಂದಿನ ಗೋಡೆಗೆ ಒರಗಿ ಮರಳಲ್ಲಿ ಆಡುವವು. ಕಿಟಕಿಯ ಪಕ್ಕ ಮಲಗುವ ಪುಟಾಣಿಗಳಿಗೆ ಏನೂ ಇಲ್ಲ.

ನಾನು ಸಮಿತಿಗೂ ಆಯ್ತಪ್ಪನವರಿಗೂ ಮೂರು ಸಲ ಬರೆದು ಕೊಟ್ಟೆ. ಮೂರು ಸಲವೂ ಆಯ್ತಪ್ಪ "ಆಯ್ತು ಟೀಚರೇ, ನೋಡ್ತೀನಿ" ಎಂದರು. ಸಮಿತಿಯಲ್ಲಿ ಒಬ್ಬರು ಸಾಬೂನು ಬದಲಿಸಿ ಎಂದರು. ಇನ್ನೊಬ್ಬರು ಮರಳು ತೊಳೆಸಿ ಎಂದರು. ಕಡೆಗೆ ಪೋಷಕರ ಸಭೆಯಲ್ಲಿ ಆಯ್ತಪ್ಪನವರೇ ಎದ್ದು ನಿಂತು, ಗೋಡೆಗೆ ಬಳಿದ ಎಣ್ಣೆಯೇ ಕಾರಣವಿರಬಹುದು, ಅಜ್ಜ ಅದಕ್ಕೆ ಏನೇನು ಬೆರೆಸುತ್ತಾರೋ ಬಲ್ಲವರು ಯಾರು ಎಂದುಬಿಟ್ಟರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

ದೊಡ್ಡಪ್ಪ ಕೋಪಿಸಿಕೊಳ್ಳಲಿಲ್ಲ. ಬೇಯಿಸಿದ ಅಗಸೆ ಎಣ್ಣೆ, ಜೇನುಮೇಣ, ಹುಳ ಬಾರದಂತೆ ಮೊದಲು ಬಿಳಿಗಾರದ ನೀರು, ಅಷ್ಟೇ ಎಂದರು. ಆಮೇಲೆ ಹೇಳಿದರು, "ಲ್ಯಾಬಿನವರನ್ನ ಕರೆಸಿ. ನಾಲ್ಕೂ ಗೋಡೆ ಕೆರೆದು ನೋಡಲಿ."

ಆಯ್ತಪ್ಪ ನಕ್ಕಿದ್ದರು. "ಅದೇನು ನೋಡೋದು ಯಜಮಾನ್ರೇ? ಎಣ್ಣೆ ಅಂದ್ರೆ ಎಣ್ಣೆ."

ಸಮಿತಿ ಒಪ್ಪಿತು. ಲ್ಯಾಬಿನವರು ಬರಬೇಕಿದ್ದದ್ದು ಗುರುವಾರ ಬೆಳಿಗ್ಗೆ ಹತ್ತಕ್ಕೆ. ಬೆಂಕಿ ಬಿದ್ದದ್ದು ಅದೇ ಗುರುವಾರ.

* * *

ಒಂಬತ್ತೂವರೆಗೆ ದೊಡ್ಡಪ್ಪ ತಾವಾಗಿಯೇ ಬಂದರು. ಒಗೆದ ಅಂಗಿ, ಕೈಯಲ್ಲಿ ಎಣ್ಣೆಯ ಕ್ಯಾನು. ಇನ್ಸ್‌ಪೆಕ್ಟರ ಕಡೆ ಕೈಮುಗಿದು, ಸುಟ್ಟ ಗೋಡೆಯ ಮುಂದೆ ನಿಂತರು. ಹತ್ತಿರದವರು ಸತ್ತಾಗ ನಿಲ್ಲುತ್ತಾರಲ್ಲ, ಹಾಗೆ.

"ನಿಮ್ಮ ಬಟ್ಟೆ ಎಲ್ಲಿ ಬಿಡ್ತೀರಿ ಅಜ್ಜಾ?" ಎಂದು ಕೇಳಿದರು ಇನ್ಸ್‌ಪೆಕ್ಟರು.

ದೊಡ್ಡಪ್ಪ ಕಟ್ಟಡದ ಮುಂಬದಿಗೆ ಕರೆದೊಯ್ದರು. ಬಿಸಿಲು ಹೆಚ್ಚು ಬೀಳುವ ಮುಂದಿನ ಗೋಡೆಗೆ ಬುಧವಾರ ಇನ್ನೊಂದು ಕೈ ಎಣ್ಣೆ ಕೊಟ್ಟಿದ್ದರು. ಎರಡು ಕಂಬಗಳ ನಡುವೆ ಹಗ್ಗ. ಹಗ್ಗದ ಮೇಲೆ ಏಳು ಬಟ್ಟೆ, ಒಂದಕ್ಕೊಂದು ತಾಗದಂತೆ, ಕ್ಲಿಪ್ಪು ಸಿಕ್ಕಿಸಿ. ಇನ್ಸ್‌ಪೆಕ್ಟರು ಒಂದನ್ನು ಮುಟ್ಟಿದರು. ರಟ್ಟಿನಂತೆ ಸೆಟೆದುಕೊಂಡಿತ್ತು.

"ಅಗಸೆ ಎಣ್ಣೆ ಒಣಗೋ ಎಣ್ಣೆ ಸ್ವಾಮಿ. ಒಣಗುವಾಗ ಕಾವು ಬಿಡುತ್ತೆ. ಹರವಿದ್ರೆ ಕಾವು ಗಾಳಿಗೆ ಹೋಗುತ್ತೆ. ಗುಡ್ಡೆ ಹಾಕಿದ್ರೆ ಒಳಗೇ ಕೂತು ಉರಿಯುತ್ತೆ. ನಮ್ಮ ಮೇಸ್ತ್ರಿ ನನಗೆ ಮೊದಲನೇ ದಿನ ಕಲಿಸಿದ್ದು ಬ್ರಶ್ಶು ಹಿಡಿಯೋದಲ್ಲ, ಬಟ್ಟೆ ಒಣಹಾಕೋದು. ಇವರಿಗೂ ಹತ್ತು ಸಲ ಹೇಳಿದೀನಿ."

"ಯಾರಿಗೆ?"

"ಸೂಪರ್‌ವೈಸರಿಗೆ. ಒಂದ್ಸಲ ನನ್ನ ಬಟ್ಟೆನೆಲ್ಲ ಮುದ್ದೆ ಮಾಡಿ ಮೂಲೆಗೆ ಎಸೆದಿದ್ರು. ಬೈದೆ."

ಆಯ್ತಪ್ಪ ಜೊತೆಯಲ್ಲೇ ಇದ್ದರು. ಏಳನ್ನು ಒಣಹಾಕಿ ಉಳಿದವನ್ನು ಡಬ್ಬಕ್ಕೆ ತುಂಬಿರಬಹುದಲ್ಲ ಎಂದರು. ಇನ್ಸ್‌ಪೆಕ್ಟರು ಅದನ್ನೂ ಬರೆದುಕೊಂಡರು.

"ಹಿಂದಿನ ಗೋಡೆಗೆ ಎಷ್ಟು ಕೈ ಕೊಟ್ಟಿದ್ರಿ?" ಎಂದು ಕೇಳಿದರು ಇನ್ಸ್‌ಪೆಕ್ಟರು.

ದೊಡ್ಡಪ್ಪ ಒಮ್ಮೆ ನನ್ನನ್ನು, ಒಮ್ಮೆ ಕಾರ್ಯದರ್ಶಿಗಳನ್ನು ನೋಡಿದರು. ಹೇಳಲು ಅವರಿಗೆ ಸಂಕೋಚ. ಒಂದೂ ಇಲ್ಲ ಎಂದರು. ಮೂರು ಗೋಡೆ ತಾವು ಮಾಡಿದ್ದು. ನಾಲ್ಕನೆಯದಕ್ಕೆ ಒಂಬತ್ತು ದಿನ ಕೇಳಿದ್ದರು, ಮೂರು ಕೈ, ಕೈಗೆ ಮೂರು ದಿನ ಒಣಗಬೇಕು. ಕಟ್ಟಡದ ಉದ್ಘಾಟನೆಗೆ ಉಳಿದದ್ದು ಎರಡೇ ದಿನ. ಆಗ ಸೂಪರ್‌ವೈಸರು, ಹಿಂದಿನ ಗೋಡೆ ಯಾರು ನೋಡ್ತಾರೆ, ನಾನೇ ಮಾಡಿಸ್ತೀನಿ, ನೀವು ಹೊರಡಿ ಎಂದಿದ್ದರಂತೆ.

ಹಿಂದಿನ ಗೋಡೆ ಯಾರು ನೋಡುತ್ತಾರೆ! ಅದಕ್ಕೇ ಒರಗಿ ಕೂರುತ್ತಿದ್ದ ಹನ್ನೊಂದು ಬೆನ್ನುಗಳು ನನ್ನ ಕಣ್ಣ ಮುಂದೆ ಬಂದವು.

"ಅವರು ಕೊಟ್ಟ ಎಣ್ಣೆನೇ ಬಳಿಸಿದ್ದು ಸಾರ್," ಎಂದರು ಆಯ್ತಪ್ಪ ಬೇಗ. "ಸ್ವಲ್ಪ ಬೇಗ ಬೇಗ ಬಳಿಸಿದೆ, ಅಷ್ಟೇ."

* * *

ಅಷ್ಟರಲ್ಲಿ ಕಾರ್ಯದರ್ಶಿಗಳಿಗೆ ಇನ್ನೊಬ್ಬ ಆರೋಪಿ ಸಿಕ್ಕಿದ್ದ. ಗಂಧೆ ಎದ್ದ ಮಗುವೊಂದರ ಅಪ್ಪ, ಟ್ಯಾಕ್ಸಿ ಓಡಿಸುವವನು. "ಈ ಗೋಡೆಗೆ ಬೆಂಕಿ ಹಾಕಬೇಕು" ಎಂದು ಅವನು ಸಭೆಯಲ್ಲಿ ಕೂಗಿದ್ದು ಎಲ್ಲರಿಗೂ ನೆನಪಿತ್ತು. ಇನ್ಸ್‌ಪೆಕ್ಟರು ಅವನನ್ನು ಕರೆಸಿದರು. ಬೆಳಿಗ್ಗೆ ಐದರಿಂದ ಏಳೂವರೆವರೆಗೆ ಅವನು ರೈಲು ನಿಲ್ದಾಣದ ಸರತಿಯಲ್ಲಿದ್ದ. ಚೀಟಿಯಿತ್ತು, ಜೊತೆಗಾರರಿದ್ದರು.

"ಕೂಗಿದ್ದು ಹೌದು ಸಾರ್," ಎಂದ ಅವನು. "ಮಗಳು ರಾತ್ರಿಯೆಲ್ಲ ಕೆರಕೊಂಡು ಅಳ್ತಾಳೆ. ಕೂಗದೆ ಏನು ಭಜನೆ ಮಾಡಲಾ?"

ಅವನನ್ನು ಕಳಿಸಿಕೊಟ್ಟರು. ಇನ್ಸ್‌ಪೆಕ್ಟರು ನನ್ನ ಕಡೆ ತಿರುಗಿ, ಬೆಳಿಗ್ಗೆ ಬಂದದ್ದನ್ನು ಹೆಜ್ಜೆ ಹೆಜ್ಜೆಯಾಗಿ ಹೇಳಿ ಎಂದರು.

ಹೇಳಿದೆ. ತಿರುವು, ಹೊಗೆ, ಗೇಟು ತಳ್ಳಿದ್ದು, ಕ್ರೇಟು ಎಡವಿದ್ದು. ಅಲ್ಲಿ ನನ್ನ ಮಾತು ನಿಂತಿತು. ಕೈ ತಾನಾಗಿ ಚೀಲಕ್ಕೆ ಹೋಯಿತು. ಬೀಗದಕೈ ಚೀಲದ ಒಳಜೇಬಿನಲ್ಲಿ, ಜಿಪ್ಪು ಎಳೆದ ಹಾಗೇ ಇತ್ತು.

ದಿನವೂ ಗೇಟಿನ ಬೀಗ ಹಾಕಿ ಎರಡೆರಡು ಸಲ ಜಗ್ಗಿ ನೋಡುವವಳು ನಾನು. ಬುಧವಾರವೂ ಜಗ್ಗಿದ್ದೆ, ದೊಡ್ಡಪ್ಪ ನಗಾಡಿದ್ದರು. ಬೆಳಿಗ್ಗೆ ಬೀಗ ತೆಗೆಯಲೇ ಇಲ್ಲ. ಗೇಟು ಆಗಲೇ ತೆರೆದಿತ್ತು.

ಹಾಲಿನವನಿಗೆ ಫೋನು ಹೋಯಿತು. ಬೀಗ ಇದ್ದರೆ ಕ್ರೇಟು ಹೊರಗಿಡುತ್ತೇನೆ, ಇವತ್ತು ಆರೂಹತ್ತಕ್ಕೆ ಬಂದಾಗ ಗೇಟು ತೆರೆದಿತ್ತು, ಅದಕ್ಕೇ ಮೆಟ್ಟಿಲ ಮೇಲಿಟ್ಟೆ ಎಂದ. ಆಗ ಹೊಗೆ ಇರಲಿಲ್ಲ.

"ಬೀಗದಕೈ ಎಷ್ಟು?"

"ಎರಡು," ಎಂದೆ. "ಒಂದು ನನ್ನದು."

ಇನ್ನೊಂದು ಯಾರದೆಂದು ಅವರು ಕೇಳಲಿಲ್ಲ, ಅದು ಆಯ್ತಪ್ಪನವರ ಸೊಂಟದಲ್ಲೇ ತೂಗುತ್ತಿತ್ತು. ಸೀನಿದರು. ಆಮೇಲೆ ಮೆಲ್ಲಗೆ ಹೇಳಿದರು. ಬಟ್ಟೆ ತಾನಾಗಿ ಹೊತ್ತಿಕೊಂಡಿದ್ದರೆ ಯಾರೂ ಬರಬೇಕಿರಲಿಲ್ಲ, ಗೇಟಿನ ಮಾತು ದಂಡ. ತಾನಾಗಿ ಹೊತ್ತಿಕೊಳ್ಳದಿದ್ದರೆ, ಹಚ್ಚಿದವರು ಇಬ್ಬರಲ್ಲಿ ಒಬ್ಬರು. ನೀವೂ ಲೆಕ್ಕದಲ್ಲಿದ್ದೀರಿ ಟೀಚರ್.

ಆದರೂ ಅವತ್ತು ಮೊದಲ ಬಾರಿಗೆ ಸ್ವಲ್ಪ ಉಸಿರಾಡಿದೆ. ಆ ಇಬ್ಬರಲ್ಲಿ ದೊಡ್ಡಪ್ಪ ಇರಲಿಲ್ಲ.

* * *

ಹನ್ನೊಂದಕ್ಕೆ ಅಂಗಳದ ಮಧ್ಯೆ, ಎಲ್ಲರಿಗೂ ಕಾಣುವಂತೆ ಎರಡು ಡಬ್ಬಗಳನ್ನು ಇಟ್ಟರು. ಎರಡೂ ಒಂದೇ ಅಳತೆ. ನಮ್ಮ ಹಳೆಯ ಕಿಟಕಿ ಪರದೆ ಹರಿದು ಎರಡು ಸಮಪಾಲು ಮಾಡಿದರು. ಒಂದು ಪಾಲಿಗೆ ದೊಡ್ಡಪ್ಪನ ಕ್ಯಾನಿನ ಎಣ್ಣೆ. ಇನ್ನೊಂದು ಪಾಲಿಗೆ, ಪೇದೆ ಎಲ್ಲಿಂದಲೋ ತಂದ ಸೀಸೆಯ ಎಣ್ಣೆ. ಅದನ್ನು ಕಾಗದದಲ್ಲಿ ಸುತ್ತಿಟ್ಟಿದ್ದರು, ಬಣ್ಣ ಕಾಣದಂತೆ. ಬಟ್ಟೆಗಳನ್ನು ಮುದ್ದೆ ಮಾಡಿ ತುರುಕಿ, ಡಬ್ಬಗಳ ಸುತ್ತ ಹಳೆಯ ಕಂಬಳಿ ಹೊದಿಸಿದರು. ದೊಡ್ಡಪ್ಪ ಎರಡು ಬಕೆಟ್ ನೀರು ತಂದಿಟ್ಟುಕೊಂಡು ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

"ಥರ್ಮಾಮೀಟರ್ ಇದೆಯಾ?" ಎಂದರು ಇನ್ಸ್‌ಪೆಕ್ಟರು.

ಇದ್ದದ್ದು ಮಕ್ಕಳ ಜ್ವರ ನೋಡುವುದು. ಆನೆಯ ಚಿತ್ರ ಇರುವುದು. ಅದನ್ನೇ ಕೊಟ್ಟೆ.

ಮೊದಲು ಎರಡೂ ಮೂವತ್ತೆರಡು ಡಿಗ್ರಿ. ಹನ್ನೆರಡಕ್ಕೆ ದೊಡ್ಡಪ್ಪನ ಡಬ್ಬ ಮೂವತ್ತೈದು, ಇನ್ನೊಂದು ಮೂವತ್ತೆರಡು. ಒಂದು ಗಂಟೆಗೆ ಮೂವತ್ತೆಂಟೂವರೆ. ಅದು ಮೂವತ್ತೆರಡೇ. ಕಾರ್ಯದರ್ಶಿಗಳು ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು. ಆಯ್ತಪ್ಪ ಊಟಕ್ಕೆ ಹೋಗಿಬರುತ್ತೇನೆಂದರು. ಪೇದೆ ಅವರಿಗೆ ಅಲ್ಲೇ ಊಟ ತರಿಸಿಕೊಟ್ಟ. ಅವರು ಮುಟ್ಟಲಿಲ್ಲ.

ಎರಡು ಗಂಟೆಗೆ ದೊಡ್ಡಪ್ಪನ ಡಬ್ಬದಿಂದ ತೆಗೆದ ಥರ್ಮಾಮೀಟರು ಕೀಕೀ ಎಂದು ಅರಚಿತು. ನಲವತ್ತೆರಡು ದಾಟಿ ಅಂಕಿಯೇ ತೋರಿಸಲಿಲ್ಲ. ಬಟ್ಟೆಯಿಂದ ಸಣ್ಣಗೆ ಹಬೆಯಂತೆ ಏನೋ ಎದ್ದಿತು. ದೊಡ್ಡಪ್ಪ ತಟ್ಟನೆ ನೀರು ಸುರಿದರು.

ಇನ್ನೊಂದು ಡಬ್ಬ: ಮೂವತ್ತೆರಡು.

"ಇದಕ್ಕೆ ಜ್ವರ ಬಂತು," ಎಂದರು ಇನ್ಸ್‌ಪೆಕ್ಟರು. "ಇದಕ್ಕೆ ಬರಲಿಲ್ಲ. ನಾಳೆವರೆಗೆ ಇಟ್ಟರೂ ಬರಲ್ಲ."

ಅವರು ಎರಡನೆಯ ಡಬ್ಬದಿಂದ ಒಂದು ಬಟ್ಟೆ ಎಳೆದು ನೆಲಕ್ಕೆ ಹರವಿದರು. ಅದರ ಪಕ್ಕ, ಬೆಳಿಗ್ಗೆ ಬಿಸಿಲಿಗೆ ಹಾಕಿದ್ದ ಸುಟ್ಟ ಡಬ್ಬದ ಬಟ್ಟೆ. ನೀರೆಲ್ಲ ಆರಿತ್ತು, ಎಣ್ಣೆ ಆರಿರಲಿಲ್ಲ. ಎರಡೂ ಕಪ್ಪು, ಎರಡೂ ಜಿಡ್ಡು. ಮೂರನೆಯದಾಗಿ, ನೀರಿನ ಟ್ಯಾಂಕಿನ ಹಿಂದೆ ಬೆಂಕಿ ತಲುಪದೆ ಉಳಿದಿದ್ದ ಒಂದು ಮೊಳ ಹಲಗೆಯನ್ನು ಇಟ್ಟು ಬೆರಳಾಡಿಸಿದರು. ಬೆರಳು ಕಪ್ಪಾಯಿತು.

"ಗಾಡಿಯಿಂದ ಬಸಿದ ಹಳೇ ಎಂಜಿನ್ ಆಯಿಲ್. ಇದು ಯಾವತ್ತೂ ಒಣಗಲ್ಲ. ಒಣಗಲ್ಲ ಅಂದ ಮೇಲೆ ಬಿಸಿಯಾಗಲ್ಲ. ಗುಡ್ಡೆ ಹಾಕಿ ಪೂಜೆ ಮಾಡಿದ್ರೂ ತಾನಾಗಿ ಹೊತ್ತಿಕೊಳ್ಳಲ್ಲ. ಯಾರೋ ಕಡ್ಡಿ ಗೀರಬೇಕು. ಗೀರೋಕೆ ಗೇಟು ತೆಗೀಬೇಕು." ಹೇಳಿಕೆಯ ಹಾಳೆ ಬಿಡಿಸಿದರು. "ಅಜ್ಜ ತಮ್ಮ ಕ್ಯಾನಿನ ಎಣ್ಣೆ ಒರೆಸಿದ ಬಟ್ಟೆನೇ ಈ ಡಬ್ಬಕ್ಕೆ ತುಂಬಿದ್ದು, ನಾನೇ ಕಣ್ಣಾರೆ ನೋಡಿದೆ. ಸಹಿ ನಿಮ್ಮದು. ಅಜ್ಜನ ಕ್ಯಾನಿನಲ್ಲಿ ಅಗಸೆ ಎಣ್ಣೆ. ಡಬ್ಬದಲ್ಲಿ ಗ್ಯಾರೇಜಿನ ಎಣ್ಣೆ. ನೀವು ಏನು ನೋಡಿದ್ರಿ ಸೂಪರ್‌ವೈಸರೇ?"

ಆಯ್ತಪ್ಪ ಬಾಯಿ ತೆರೆದರು. ಅಭ್ಯಾಸಬಲದಿಂದ "ಆಯ್ತು..." ಎಂದು ಬಂತು. ಮುಂದೆ ಬರಲಿಲ್ಲ.

"ಸೀಸೆ ತುಂಬಿಸಿಕೊಟ್ಟದ್ದು ಮೂಲೆಮನೆ ಗ್ಯಾರೇಜಿನವರು. ನೀವೇ ಗಿರಾಕಿಯಂತೆ. ಉದ್ಘಾಟನೆಗೆ ಎರಡು ದಿನ ಮೊದಲು ಎರಡು ಕ್ಯಾನು. ಈ ಬುಧವಾರ ಸಂಜೆ ಒಂದು ಡಬ್ಬ."

ಇಲ್ಲಿಯವರೆಗೆ ಆಯ್ತಪ್ಪನನ್ನು "ಅವರು" ಎಂದು ಬರೆದೆ. ಇನ್ನು ನನ್ನಿಂದ ಆಗುವುದಿಲ್ಲ. ಅವನು ಕುರ್ಚಿಯಲ್ಲಿ ಕುಸಿದ. ಎಲ್ಲರೂ ಬೇಲಿಗೆ, ತೊಲೆಗೆ ಅದನ್ನೇ ಬಳಿಯುತ್ತಾರೆ, ಹುಳ ಹತ್ತುವುದಿಲ್ಲ, ಒಂದೇ ದಿನದ ಕೆಲಸ ಎಂದ. ಬಿಸಿಲಿಗೆ ಹೀಗೆ ಜಿನುಗುತ್ತದೆಂದು ಗೊತ್ತಿರಲಿಲ್ಲ ಎಂದ. ಲ್ಯಾಬಿನವರು ಕೆರೆದರೆ ಕೆಲಸ ಹೋಗುತ್ತದೆ ಎಂದು ಹೆದರಿದನಂತೆ. ಅಜ್ಜ ಬಟ್ಟೆಯ ವಿಷಯದಲ್ಲಿ ಬೈದದ್ದು ನೆನಪಾಯಿತಂತೆ.

"ಸಂಜೆನೇ ಇಟ್ಟಿದ್ದೆ ಸಾರ್. ತಾನಾಗೇ ಹೊತ್ತಿಕೊಳ್ಳುತ್ತೆ ಅಂತ. ಬೆಳಿಗ್ಗೆ ಆರಕ್ಕೆ ಬಂದು ಮುಟ್ಟಿ ನೋಡಿದ್ರೆ ತಣ್ಣಗಿತ್ತು." ಅವನ ದನಿಯಲ್ಲಿ ನಿಜವಾಗಿಯೂ ದೂರಿತ್ತು, ಡಬ್ಬ ತನಗೆ ಮೋಸ ಮಾಡಿತೆಂಬಂತೆ. "ಅರ್ಧ ಗಂಟೆ ಕಾದು ಕಡ್ಡಿ ಗೀರಿದೆ. ಎಣ್ಣೆ ಅಂದ್ರೆ ಎಣ್ಣೆ ಅಂದ್ಕೊಂಡಿದ್ದೆ."

"ನಿನಗೆ ಹೇಳಿಕೊಟ್ಟದ್ದೇ ತಪ್ಪಾಯ್ತು," ಎಂದರು ದೊಡ್ಡಪ್ಪ. ಅಷ್ಟೇ ಅವರು ಅವನಿಗೆ ಹೇಳಿದ್ದು.

* * *

ಅವನನ್ನು ಜೀಪು ಹತ್ತಿಸಿದ ಮೇಲೆ ಇನ್ಸ್‌ಪೆಕ್ಟರು ಕೂತು ದೂರು ಬರೆದರು. ಕಟ್ಟಡಕ್ಕೆ ಬೆಂಕಿ. ಸಾಕ್ಷ್ಯನಾಶ. ಸುಳ್ಳು ಹೇಳಿಕೆ. ಕಾರ್ಯದರ್ಶಿಗಳು ಸಹಿ ಹಾಕಲು ಪೆನ್ನು ತೆರೆದರು.

"ಮುಗೀತಾ?" ಎಂದೆ.

"ಮುಗೀತಲ್ಲ ಟೀಚರ್. ನಿಮ್ಮ ದೊಡ್ಡಪ್ಪನ ಹೆಸರು ಎಲ್ಲೂ ಇಲ್ಲ."

ನನ್ನ ಪುಸ್ತಕ ತೆಗೆದು ಅವರ ಮುಂದಿಟ್ಟೆ. ಹೊತ್ತಿ ಉರಿದದ್ದು ಎಲ್ಲರಿಗೂ ಕಂಡಿತು. ತಿಂಗಳುಗಟ್ಟಲೆ ಅದೇ ಗೋಡೆ ಮಕ್ಕಳ ಚರ್ಮಕ್ಕೆ ಒರೆಸಿಕೊಂಡದ್ದು ಯಾರಿಗೂ ಕಾಣಲಿಲ್ಲ. ಮರ ಸುಟ್ಟದ್ದಕ್ಕೆ ಮೂರು ಸಾಲು ಬರೆದಿದ್ದಾರೆ. ಮಕ್ಕಳಿಗೆ ಒಂದು ಸಾಲೂ ಇಲ್ಲ. ಇದನ್ನೆಲ್ಲ ಹೇಳಬೇಕೆಂದಿದ್ದೆ. ಬಾಯಿಗೆ ಬಂದದ್ದು ಇಷ್ಟೇ.

"ಇದನ್ನೂ ಬರೆದುಕೊಳ್ಳಿ. ಹನ್ನೊಂದು ಹೆಸರು. ನಾನು ಬರೆದುಕೊಟ್ಟ ಮೂರು ಅರ್ಜಿಯ ತಾರೀಖು. ಅದನ್ನ ಓದದೇ ಇದ್ದವರ ಹೆಸರೂ."

ಕಾರ್ಯದರ್ಶಿಗಳ ಪೆನ್ನು ಅಲ್ಲೇ ನಿಂತಿತು. ಇನ್ಸ್‌ಪೆಕ್ಟರು ಪುಟ ತಿರುವುತ್ತಾ ಹೋದರು. ಹೊಸ ಹಾಳೆ ತೆಗೆದುಕೊಂಡರು. ಒಂದೊಂದೇ ಹೆಸರನ್ನು, ಪಕ್ಕದಲ್ಲಿ ವಯಸ್ಸನ್ನು ಬರೆದರು. ಮೂರು, ನಾಲ್ಕು, ಮೂರು, ಎರಡೂವರೆ.

ಬರೆದು ಮುಗಿದ ಮೇಲೆ ಕಾರ್ಯದರ್ಶಿಗಳು ಗಂಟಲು ಸರಿಮಾಡಿಕೊಂಡು ದೊಡ್ಡಪ್ಪನ ಕಡೆ ತಿರುಗಿದರು. ಹೊಸ ಹಲಗೆ ಬೇಗ ತರಿಸುತ್ತೇವೆ, ಪೋಷಕರು ಕಾಯುವುದಿಲ್ಲ, ಹಿಂದಿನ ಗೋಡೆ ಒಂದು ನಾಲ್ಕು ದಿನದಲ್ಲಿ ಆಗಬಹುದೇ ಎಂದರು.

ದೊಡ್ಡಪ್ಪ ಹಗ್ಗದ ಮೇಲಿದ್ದ ಏಳು ಬಟ್ಟೆಗಳನ್ನು ಒಂದೊಂದಾಗಿ ಬಿಚ್ಚಿ, ನೀರಿನ ಬಕೆಟ್ಟಿನಲ್ಲಿ ಅದ್ದುತ್ತಿದ್ದರು. ತಲೆ ಎತ್ತಲಿಲ್ಲ.

"ಒಂಬತ್ತು," ಎಂದರು.